ಶುಕ್ರವಾರದ ಆಟ, ಸೋಮವಾರದ ಮೇಷ್ಟ್ರು

(ಡಾಲಸ್ ಸುತ್ತಮುತ್ತಲ ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಸೇರುವ ಕೂಟದಲ್ಲಿ ಆಡಿದ ಮಾತು. ಬರೆದುಕೊಂಡು ಹೋದದ್ದು ಅರ್ಧ, ಅಲ್ಲೇ ಬಾಯಿಗೆ ಬಂದದ್ದು ಅರ್ಧ. ಕೇಳಿದವರ ಪ್ರಶ್ನೆಗಳನ್ನು ಮಾತಿನ ಒಳಗೇ ಸೇರಿಸಿಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇದೇ ಜಾಗದಲ್ಲಿ ನಿಂತವರು ವಚನಗಳ ಬಗ್ಗೆ ಮಾತಾಡಿದರು. ಅದಾದ ಮೇಲೆ ಫುಟ್‌ಬಾಲ್ ಅಂದರೆ ಹೋಳಿಗೆ ಊಟದ ಮೇಲೆ ಮಂಡಕ್ಕಿ ಬಡಿಸಿದ ಹಾಗೆ. ಇರಲಿ, ಸಂಜೆ ಹೊತ್ತಿಗೆ ಮಂಡಕ್ಕಿಯೇ ರುಚಿ.

ನಾನು ಹೇಳುತ್ತಿರುವುದು ನಮ್ಮೂರ ಕಡೆಯ ಫುಟ್‌ಬಾಲ್ ಅಲ್ಲ, ಇಲ್ಲಿನದು. ಹೆಸರಲ್ಲಿ ಕಾಲಿದೆ, ಆಟದಲ್ಲಿ ಕಾಲಿಗೆ ಓಡುವುದು ಬಿಟ್ಟರೆ ಬೇರೆ ಕೆಲಸ ಕಡಿಮೆ. ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವುದು, ಎದುರಿನ ಹನ್ನೊಂದು ಜನ ಬಂದು ಕೆಡವುವುದು. ಕಬಡ್ಡಿ ಆಡಿದವರಿಗೆ ಅರ್ಧ ಆಟ ತಾನಾಗಿ ಅರ್ಥವಾಗುತ್ತದೆ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಇವತ್ತಿನ ಮಾತಿಗೆ ಇಷ್ಟು ಸಾಕು.

ಇಲ್ಲಿ ಕೂತಿರುವ ನಮ್ಮಲ್ಲಿ ಹೆಚ್ಚಿನವರಿಗೆ ಶುಕ್ರವಾರ ರಾತ್ರಿಯ ಸ್ಟೇಡಿಯಂ ಪರಿಚಯವಾದದ್ದು ಬ್ಯಾಂಡ್‌ನಿಂದ. ಮಗಳು ಕ್ಲಾರಿನೆಟ್, ಮಗ ಟ್ರಂಪೆಟ್. ಹಾಫ್‌ಟೈಮ್‌ಗೆ ಹತ್ತು ನಿಮಿಷ ಮುಂಚೆ ಹೋಗಿ, ಮಕ್ಕಳ ಪ್ರದರ್ಶನದ ವಿಡಿಯೋ ಮಾಡಿಕೊಂಡು, ಮೂರನೇ ಕ್ವಾರ್ಟರ್ ಶುರುವಾಗುವಾಗ ಮೆಲ್ಲಗೆ ಎದ್ದು ಬರುವವರು ನಾವು. ನಾನೂ ಮೂರು ವರ್ಷ ಹಾಗೇ ಮಾಡಿದೆ. ಆಮೇಲೆ ಮಗ ಹಟ ಹಿಡಿದು ತಂಡಕ್ಕೆ ಸೇರಿದ. ಮುಖ್ಯ ತಂಡವಲ್ಲ, ಅದರ ಕೆಳಗಿನ ಜೂನಿಯರ್ ತಂಡ. ಅದರಲ್ಲೂ ಲೈನ್‌ನಲ್ಲಿ ನಿಂತು ಎದುರಿನವರನ್ನು ತಳ್ಳುವ ಕೆಲಸ, ಅದರಲ್ಲೂ ಎರಡನೆಯ ಸಾಲು. ಅಂದರೆ ಮೊದಲನೆಯವನಿಗೆ ಪೆಟ್ಟಾದರೆ ಮಾತ್ರ ಇವನ ಸರದಿ. ಅವರಮ್ಮ ಎರಡು ಕೈ ಮುಗಿದು ಕೇಳಿಕೊಳ್ಳುತ್ತಿದ್ದುದು, ಆ ಮೊದಲನೆಯ ಹುಡುಗ ನೂರು ಕಾಲ ಗಟ್ಟಿಯಾಗಿರಲಿ ಅಂತ.

ಈ ಟೆಕ್ಸಸ್ ರಾಜ್ಯದಲ್ಲಿ ಶುಕ್ರವಾರ ರಾತ್ರಿ ಅಂದರೆ ಊರಹಬ್ಬ. ಅದಕ್ಕೆ ಕಾನೂನಿನ ಕಾವಲೂ ಇದೆ. 1961ರ ಕ್ರೀಡಾ ಪ್ರಸಾರ ಕಾಯ್ದೆಯ ಪ್ರಕಾರ, ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವಿನವರೆಗೆ ಶುಕ್ರವಾರ ಸಂಜೆ ಶಾಲೆಗಳ ಆಟ ನಡೆಯುವ ಕಡೆ 75 ಮೈಲಿಯೊಳಗೆ ವೃತ್ತಿಪರ ಲೀಗಿನ ಪಂದ್ಯವನ್ನು ಟಿವಿಯಲ್ಲಿ ತೋರಿಸಹೊರಟರೆ, ಎಲ್ಲ ತಂಡಗಳ ಟಿವಿ ಹಕ್ಕನ್ನು ಒಟ್ಟಿಗೆ ಮಾರಿಕೊಳ್ಳಲು ಆ ಕಾಯ್ದೆ ಲೀಗಿಗೆ ಕೊಟ್ಟಿರುವ ರಕ್ಷಣೆಯೇ ತಪ್ಪಿಹೋಗುತ್ತದೆ. ಕೋಟಿ ಕೋಟಿ ಡಾಲರ್‌ನ ಲೀಗು ಹೈಸ್ಕೂಲ್ ಹುಡುಗರಿಗೆ ದಾರಿ ಬಿಟ್ಟು ನಿಂತಿದೆ. ಇಲ್ಲೇ ಪಕ್ಕದ ಆಲನ್‌ನಲ್ಲಿ 2012ರಲ್ಲಿ ಒಂದು ಹೈಸ್ಕೂಲಿಗೆ 6 ಕೋಟಿ ಡಾಲರ್ ಖರ್ಚು ಮಾಡಿ 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು. ಎರಡು ವರ್ಷಕ್ಕೆ ಕಾಂಕ್ರೀಟು ಬಿರುಕು ಬಿಟ್ಟು ಬೀಗ ಹಾಕಬೇಕಾಯಿತು, ಅದು ಬೇರೆ ಕಥೆ. ಇನ್ನು ಹೋಮ್‌ಕಮಿಂಗ್ ವಾರ, ಅಂದರೆ ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಮರಳಿ ಕರೆಯುವ ಹಬ್ಬದ ವಾರ, ಹುಡುಗಿಯರು ಎದೆ ತುಂಬ ತೂಗುಹಾಕಿಕೊಳ್ಳುವ ‘ಮಮ್’ ಅನ್ನೋದು ಇದೆಯಲ್ಲ, ಅದು ಮೂಲದಲ್ಲಿ ನಮ್ಮ ಸೇವಂತಿಗೆ ಹೂವೇ. ಈಗ ಹೂವು ಬಟ್ಟೆಯದು, ರಿಬ್ಬನ್ನು ಮೊಣಕಾಲಿನವರೆಗೆ, ನಡುವೆ ಗೆಜ್ಜೆ. ಮಗಳು ಹಾಕಿಕೊಂಡು ನಡೆದಾಗ ನಮ್ಮತ್ತೆ ವಿಡಿಯೋ ಕಾಲಿನಲ್ಲಿ ನೋಡಿ, ‘ಇದೇನೇ, ಬಸವನ ಹಾಗೆ ಸಿಂಗಾರ ಮಾಡಿದ್ದೀರಿ’ ಅಂದರು.

ಈ ಹಬ್ಬದ ನಡುವೆ ನಿಂತಿರುವ ಮನುಷ್ಯ ಕೋಚ್. ಗಮನಿಸಿದ್ದೀರೋ ಇಲ್ಲವೋ, ಇಲ್ಲಿ ಮಕ್ಕಳು ಅವರ ಹೆಸರು ಹಿಡಿದು ಕರೆಯುವುದಿಲ್ಲ, ಬರೀ ‘ಕೋಚ್’ ಅನ್ನುತ್ತಾರೆ. ಮದುವೆಯಾಗಿ ಮಕ್ಕಳಾದ ಮೇಲೂ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕರೂ ‘ಕೋಚ್’. ನಾವು ಮೇಷ್ಟ್ರೇ ಅಂತ ಕರೆಯುತ್ತಿದ್ದೆವಲ್ಲ, ಅದೇ ಧಾಟಿ. ಅದಕ್ಕೇ ನಾನು ತರಬೇತುದಾರ ಅನ್ನುವ ಪದ ಬಳಸುವುದಿಲ್ಲ. ಅದು ಪತ್ರಿಕೆಯ ಪದ, ಬಾಯಲ್ಲಿ ಓಡಾಡಿದ ಪದವಲ್ಲ.

ಈಗ ನನ್ನ ತಪ್ಪಿನ ಕಥೆ. ಆ ವರ್ಷ ಅಕ್ಟೋಬರಿನ ಒಂದು ಗುರುವಾರ, ಜೂನಿಯರ್ ತಂಡದ ಆಟ. ನಮ್ಮವರು ಇಪ್ಪತ್ತೆಂಟು ಅಂಕದಿಂದ ಮುಂದಿದ್ದಾರೆ. ಆದರೂ ಮಗನನ್ನು ಕಣಕ್ಕೆ ಇಳಿಸಿದ್ದು ಕೊನೆಯ ನಾಲ್ಕು ನಿಮಿಷ. ನನಗೆ ಮೈಯೆಲ್ಲ ಉರಿ. ಮನೆಗೆ ಬಂದವನೇ ಕೋಚ್‌ಗೆ ಉದ್ದದ ಈಮೇಲ್ ಬರೆದೆ. ಅಮೆರಿಕದ ಕಚೇರಿಯಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ನಯವಾಗಿ ಬಯ್ಯುವ ಭಾಷೆ ಚೆನ್ನಾಗಿ ಬರುತ್ತದೆ. ಕಳಿಸಿಯೂ ಬಿಟ್ಟೆ. ಉತ್ತರ ಎರಡೇ ಸಾಲು: ‘ಸರ್, ನಮ್ಮಲ್ಲಿ 24 ಗಂಟೆಯ ನಿಯಮವಿದೆ. ಸೋಮವಾರ ಶಾಲೆ ಬಿಟ್ಟ ಮೇಲೆ ಬನ್ನಿ.’ ಇದು ಅವರೊಬ್ಬರ ನಿಯಮವಲ್ಲ, ಬಹಳಷ್ಟು ಶಾಲೆಗಳಲ್ಲಿದೆ. ಆಟ ಮುಗಿದ 24 ಗಂಟೆ ಅಪ್ಪ ಅಮ್ಮಂದಿರು ಕೋಚ್ ಹತ್ತಿರ ಸುಳಿಯಬಾರದು. ರಕ್ತ ತಣ್ಣಗಾಗಲಿ ಅಂತ.

ಸೋಮವಾರ ಹೋದೆ. ಅವರ ಆಫೀಸು ಅಂದರೆ ನಾನು ಮೇಜು, ಕುರ್ಚಿ, ಟ್ರೋಫಿಗಳ ಕಪಾಟು ಅಂದುಕೊಂಡಿದ್ದೆ. ಆ ಮನುಷ್ಯ ಸಿಕ್ಕಿದ್ದು ಲಾಂಡ್ರಿ ಕೋಣೆಯಲ್ಲಿ. ಗೋಡೆಗೆ ಎರಡು ದೊಡ್ಡ ಯಂತ್ರ, ಬಾಗಿಲ ಹತ್ತಿರ ಕೊಳೆ ಜರ್ಸಿಗಳ ಗುಡ್ಡೆ, ಬೆವರು ಹುಲ್ಲು ಎರಡೂ ಸೇರಿದ ವಾಸನೆ. ಒಂದೊಂದೇ ಜರ್ಸಿ ತೆಗೆದು ತೋಳಿನ ಒಳಗೆ ಕೈ ತೂರಿಸಿ ಒಳಮೈ ಹೊರಗೆ ಮಾಡಿ ಯಂತ್ರಕ್ಕೆ ಹಾಕುತ್ತಿದ್ದರು. ಮೊಣಕೈ ಹತ್ತಿರ ರಕ್ತದ ಕಲೆಯಿದ್ದರೆ ಅದನ್ನು ಮಾತ್ರ ಪಕ್ಕಕ್ಕೆ ಇಟ್ಟು ತಣ್ಣೀರಿನ ಬಕೆಟ್ಟಿಗೆ. ‘ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ, ಸರ್’ ಅಂದರು. ಅದು ನಮ್ಮಜ್ಜಿಯೂ ಹೇಳುತ್ತಿದ್ದ ಮಾತು. ಸುಮ್ಮನೆ ನಿಂತಿರಲು ಸಂಕೋಚವಾಗಿ ನಾನೂ ಒಂದು ಜರ್ಸಿ ತೆಗೆದುಕೊಂಡೆ. ಹತ್ತಿಪ್ಪತ್ತು ಜರ್ಸಿ ಆಗುವಷ್ಟರಲ್ಲಿ ಅವರು ನನ್ನ ಮಗನ ಬಗ್ಗೆ ಹೇಳಿದ್ದು ಇಷ್ಟು: ಕಾಲು ಇಡುವ ಕ್ರಮ ಇನ್ನೂ ಬಂದಿಲ್ಲ, ಕುತ್ತಿಗೆ ತಗ್ಗಿಸುತ್ತಾನೆ, ತಲೆ ತಗ್ಗಿಸಿ ಡಿಕ್ಕಿ ಹೊಡೆಯುವ ಹುಡುಗನನ್ನು ನಾನು ಕಣಕ್ಕೆ ಬಿಡುವುದಿಲ್ಲ. ಕತ್ತು ಮುರಿದುಕೊಂಡರೆ ನಿಮಗೆ ನಾನು ಏನು ಈಮೇಲ್ ಬರೆಯಲಿ?

ಆಮೇಲೆ ಇನ್ನೊಂದು ಹೇಳಿದರು. ಗುರುವಾರದ ಆ ಆಟದ ಕೊನೆಯಲ್ಲಿ ಯಾರು ಯಾರು ಇಳಿಯಬೇಕು, ಮುನ್ನಡೆ ಇಪ್ಪತ್ತು ಅಂಕ ದಾಟಿದರೆ ಯಾವ ಪಟ್ಟು ಬಿಡಬೇಕು, ಮೂವತ್ತು ದಾಟಿದರೆ ಚೆಂಡು ಎಸೆಯುವುದನ್ನೇ ನಿಲ್ಲಿಸಬೇಕು, ಎಲ್ಲ ಬುಧವಾರವೇ ಕಾರ್ಡಿನಲ್ಲಿ ಬರೆದಿಟ್ಟಿದ್ದರಂತೆ. ‘ಗೆಲ್ಲುವಾಗ ನನ್ನ ಬುದ್ಧಿಯ ಮೇಲೆ ನನಗೆ ನಂಬಿಕೆಯಿಲ್ಲ’ ಅಂದರು.

ನಾನು ಇವತ್ತು ಇಲ್ಲಿ ನಿಂತಿರುವುದು ಆ ಒಂದು ಮಾತು ಹೊತ್ತುಕೊಂಡು. ಆಟದಲ್ಲಿ ದೊಡ್ಡತನ ಅಂದರೆ ಆ ಕ್ಷಣಕ್ಕೆ ಹೃದಯ ಉಕ್ಕಿ ಬರುವಂಥದ್ದು ಅಂತ ನಾವು ತಿಳಿದಿದ್ದೇವೆ. ನಾನು ಕಂಡಂತೆ, ಓದಿ ತಿಳಿದಂತೆ, ಅದನ್ನು ವಾರದ ನಡುವೆ, ಯಾರೂ ನೋಡದಿರುವಾಗ, ಪಟ್ಟಿ ಬರೆದು ತಯಾರು ಮಾಡಿಟ್ಟಿರುತ್ತಾರೆ.

ನಮ್ಮ ಕಣ್ಣೆದುರಿನ ಊರಿನದೇ ಕಥೆ ಕೇಳಿ. ಏರ್‌ಪೋರ್ಟಿಗೆ ಹೋಗುವಾಗ ಗ್ರೇಪ್‌ವೈನ್ ದಾಟುತ್ತೀರಲ್ಲ, ಅಲ್ಲಿ ಫೇಯ್ತ್ ಕ್ರಿಶ್ಚಿಯನ್ ಅನ್ನುವ ಖಾಸಗಿ ಶಾಲೆಯಿದೆ. 2008ರ ನವೆಂಬರ್‌ನಲ್ಲಿ ಅವರಿಗೆ ಗೇನ್ಸ್‌ವಿಲ್ ಸ್ಟೇಟ್ ಸ್ಕೂಲ್ ಜೊತೆ ಆಟ. ಗೇನ್ಸ್‌ವಿಲ್ ಅಂದರೆ ಒಕ್ಲಹೋಮಾ ಗಡಿಯ ಹತ್ತಿರದ ಊರು. ಆ ಶಾಲೆ ಅಪರಾಧ ಮಾಡಿ ಸಿಕ್ಕಿಬಿದ್ದ ಹುಡುಗರನ್ನು ಇಡುವ ಸರ್ಕಾರಿ ಬಂದೀಖಾನೆ. ಆ ಹುಡುಗರಿಗೆ ಎಲ್ಲ ಆಟವೂ ಪರವೂರಿನಲ್ಲೇ. ಹದಿನಾಲ್ಕು ಜನ, ಹಳೆಯ ಹೆಲ್ಮೆಟ್ಟು, ಸವೆದ ಪ್ಯಾಡು, ಕಾವಲಿಗೆ ಸಮವಸ್ತ್ರದವರು. ಆ ವರ್ಷ ಎಂಟು ಆಟ ಆಡಿ ಎಂಟೂ ಸೋತಿದ್ದರು. ಫೇಯ್ತ್ ಕಡೆ ಎಪ್ಪತ್ತು ಆಟಗಾರರು, ಏಳು ಗೆಲುವು, ಎರಡೇ ಸೋಲು. ಆಟದ ಫಲ ಮೊದಲೇ ಎಲ್ಲರಿಗೂ ಗೊತ್ತು.

ಫೇಯ್ತ್‌ನ ಕೋಚ್ ಕ್ರಿಸ್ ಹೋಗನ್ ವಾರದ ನಡುವೆ ತಮ್ಮ ಶಾಲೆಯ ಕುಟುಂಬಗಳಿಗೆ ಒಂದು ಈಮೇಲ್ ಕಳಿಸಿದರು. ನಮ್ಮ ಜನರಲ್ಲಿ ಅರ್ಧದಷ್ಟು ಜನ ಆ ರಾತ್ರಿ ಎದುರಾಳಿಗಳ ಕಡೆ ಕೂತು ಅವರಿಗೆ ಕೂಗಬೇಕು, ಅಂತ. ತಂಡದ ಒಬ್ಬ ಹುಡುಗನೇ ಬಂದು ಇದೇಕೆ ಕೋಚ್ ಅಂತ ಕೇಳಿದನಂತೆ. ನಿನಗೆ ಮನೆಯೇ ಇಲ್ಲ, ನಿನ್ನನ್ನು ಎಲ್ಲರೂ ಕೈಬಿಟ್ಟಿದ್ದಾರೆ ಅಂದುಕೊಂಡು ನೋಡು, ಆವಾಗ ನೂರಾರು ಜನ ನಿನ್ನನ್ನು ನಂಬಿದರೆ ಹೇಗಿರುತ್ತದೆ, ಅನ್ನುವ ಅರ್ಥದ ಉತ್ತರ ಕೊಟ್ಟರು. ಶುಕ್ರವಾರ ಬಂದಾಗ ಗೇನ್ಸ್‌ವಿಲ್ ಹುಡುಗರು ಕಣಕ್ಕೆ ಇಳಿಯುವ ಕಡೆ 40 ಗಜ ಉದ್ದಕ್ಕೆ ಜನ ಎರಡು ಸಾಲು ನಿಂತಿದ್ದಾರೆ, ತುದಿಯಲ್ಲಿ ಒಡೆದುಕೊಂಡು ನುಗ್ಗಲು ಅವರ ತಂಡದ ಹೆಸರು ಬರೆದ ಬ್ಯಾನರ್. ಫೇಯ್ತ್‌ನ ಕಿರಿಯ ಚಿಯರ್‌ಲೀಡರ್ ಹುಡುಗಿಯರನ್ನೂ ಆ ಕಡೆಗೇ ಕಳಿಸಿದ್ದರು. ಪಟ್ಟಿ ಕೈಯಲ್ಲಿ ಹಿಡಿದು ಒಬ್ಬೊಬ್ಬ ಹುಡುಗನ ಹೆಸರು ಹಿಡಿದು ಕೂಗಿದರು.

ನನಗೆ ಇದರಲ್ಲಿ ಬಹಳ ಹಿಡಿಸುವುದು ಆ ಪಟ್ಟಿ. ಬರೀ ಚಪ್ಪಾಳೆ ತಟ್ಟುವುದು ಸುಲಭ. ಯಾರೋ ಕೂತು ಹದಿನಾಲ್ಕು ಹೆಸರು ತರಿಸಿಕೊಂಡು, ಟೈಪು ಮಾಡಿ, ಪ್ರತಿ ತೆಗೆಸಿ ಹಂಚಿದ್ದಾರೆ. ತಪ್ಪು ಮಾಡಿ ಒಳಗಿರುವ ಹುಡುಗನ ಹೆಸರನ್ನು ಸಾಮಾನ್ಯವಾಗಿ ಕೂಗುವವರು ಯಾರು ಹೇಳಿ? ಹಾಜರಿ ಹಾಕುವವರು.

ಫೇಯ್ತ್ 33–14ರಿಂದ ಗೆದ್ದಿತು. ಕೋಚ್ ಬಿಟ್ಟುಕೊಟ್ಟು ಆಡಲಿಲ್ಲ ನೋಡಿ. ಆದರೆ ಸೋತವರು ಗೆದ್ದವರಂತೆ ತಮ್ಮ ಕೋಚ್ ಮಾರ್ಕ್ ವಿಲಿಯಮ್ಸ್ ತಲೆಯ ಮೇಲೆ ನೀರು ಸುರಿದರು. ಅವರಿಗೆ ಆ ವರ್ಷವೆಲ್ಲ ಸಿಕ್ಕಿದ್ದಷ್ಟು ಟಚ್‌ಡೌನ್ ಅದೊಂದೇ ರಾತ್ರಿ ಸಿಕ್ಕಿತ್ತು. ಕೊನೆಗೆ ಎರಡೂ ತಂಡ ನಡುಕಣದಲ್ಲಿ ಸೇರಿ ಪ್ರಾರ್ಥನೆ ಮಾಡುವಾಗ ಗೇನ್ಸ್‌ವಿಲ್‌ನ ಹುಡುಗನೊಬ್ಬ ತಾನು ಹೇಳುತ್ತೇನೆ ಅಂದ. ನಮ್ಮ ಬಗ್ಗೆ ಕಾಳಜಿ ಇರುವವರು ಇಷ್ಟು ಜನ ಇದ್ದಾರೆ ಅಂತ ಗೊತ್ತೇ ಇರಲಿಲ್ಲ, ಅನ್ನುವ ಅರ್ಥ ಬರುವಂತೆ ಪ್ರಾರ್ಥಿಸಿದ. ಬಸ್ಸು ಹತ್ತುವಾಗ ಪ್ರತಿಯೊಬ್ಬನಿಗೂ ಒಂದು ಚೀಲ: ಬರ್ಗರ್, ಫ್ರೈಸ್, ಸಿಹಿ, ಬೈಬಲ್, ಫೇಯ್ತ್‌ನ ಆಟಗಾರನೊಬ್ಬ ಬರೆದ ಕಾಗದ. ಇಲ್ಲಿ ಕೆಲವರು ಬೈಬಲ್ ಅಂದ ತಕ್ಷಣ ಹುಬ್ಬೇರಿಸಿದಿರಿ. ಸರ್ಕಾರಿ ಬಸ್ಸು ಹತ್ತುವ ಮಕ್ಕಳಿಗೆ ಧರ್ಮಗ್ರಂಥ ಯಾಕೆ ಅನ್ನುವ ಪ್ರಶ್ನೆ ನನಗೂ ಬಂತು. ಆದರೆ ಮನೆಗೆ ಬಂದವರಿಗೆ ನಾವು ಕುಂಕುಮ ಕೊಟ್ಟು ಕಳಿಸುವುದಿಲ್ಲವೇ, ಅವರ ಮನೆಯ ಪದ್ಧತಿ ಅದು. ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಇದಕ್ಕಿಂತ ತೊಡಕಾದ ಇನ್ನೊಂದು ಪ್ರಸಂಗ ಒಹಾಯೋ ರಾಜ್ಯದ್ದು. 2002ರ ಅಕ್ಟೋಬರ್ 18. ಮೆಕ್‌ಡರ್ಮಟ್ ಊರಿನ ನಾರ್ತ್‌ವೆಸ್ಟ್ ಹೈಸ್ಕೂಲಿಗೆ ವೇವರ್ಲಿಯ ಮೇಲೆ ಆಟ. ನಾರ್ತ್‌ವೆಸ್ಟ್ ತಂಡದಲ್ಲಿ ಹುಟ್ಟಿನಿಂದ ಬಂದ ಬುದ್ಧಿಮಾಂದ್ಯದ ಒಬ್ಬ ಹುಡುಗ. ವರ್ಷವೆಲ್ಲ ಒಂದು ತಾಲೀಮೂ ತಪ್ಪಿಸದವನು, ಒಂದು ಆಟವನ್ನೂ ಆಡದವನು. ಅವನ ಕೋಚ್ ಡೇವ್ ಫ್ರಾಂಟ್ಸ್ ಆ ವಾರ ಮೊದಲೇ ಎದುರಾಳಿ ಕೋಚ್ ಡೆರೆಕ್ ಡಿವಿಟ್‌ಗೆ ಫೋನು ಮಾಡಿ, ಕೊನೆಯಲ್ಲಿ ಅವನ ಕೈಗೆ ಚೆಂಡು ಕೊಡುತ್ತೇವೆ, ಅವನು ಅಲ್ಲೇ ಮಂಡಿಯೂರುತ್ತಾನೆ, ಅಲ್ಲಿಗೆ ಆ ಸರದಿ ಮುಗಿಯುತ್ತದೆ, ಯಾರೂ ಮುಟ್ಟಬೇಡಿ ಅಂತ ಕೇಳಿಕೊಂಡಿದ್ದರು. ಆಟದ ದಿನ ಕೊನೆಯ ಕೆಲವು ಸೆಕೆಂಡು ಉಳಿದಿದೆ, ವೇವರ್ಲಿ 42, ನಾರ್ತ್‌ವೆಸ್ಟ್ ಸೊನ್ನೆ. ಡಿವಿಟ್ ಕಣದ ನಡುವೆ ಬಂದು, ಮಂಡಿಯೂರುವುದು ಬೇಡ, ಅವನು ಅಂಕ ಗಳಿಸಲಿ ಅಂದರು. ಹುಡುಗನಿಗೆ ಅಭ್ಯಾಸವಾಗಿದ್ದದ್ದು ಮಂಡಿಯೂರುವುದು ಮಾತ್ರ. ಎಲ್ಲರೂ ಕೈ ತೋರಿಸಿ ಓಡು ಅಂದ ಮೇಲೆ 49 ಗಜ ಓಡಿದ, ಎದುರಾಳಿಗಳು ದಾರಿ ಬಿಟ್ಟರು. 42–6. ಎದುರಾಳಿಗೆ ಒಂದೂ ಅಂಕ ಕೊಡದೆ ಗೆಲ್ಲುವ ಹೆಮ್ಮೆಯನ್ನು ಡಿವಿಟ್ ತಾವೇ ಬಿಟ್ಟುಕೊಟ್ಟರು.

ದೇಶವೆಲ್ಲ ಹೊಗಳಿತು. ಆದರೆ ಇದು ಕರುಣೆಯ ನಾಟಕ, ಆ ಹುಡುಗನನ್ನು ಸಮಾನನಾಗಿ ಕಂಡದ್ದಲ್ಲ ಅಂದವರೂ ಇದ್ದರು. ನನ್ನ ಪಕ್ಕದ ಮನೆಯವರೊಬ್ಬರು, ಅವರ ಮಗಳಿಗೂ ಅಂಥದೇ ತೊಂದರೆ, ಈ ಕಥೆ ಕೇಳಿ ಮೂಗು ಮುರಿದರು. ‘ಒಂದು ದಿನ ಓಡಲು ಬಿಟ್ಟರು, ಸರಿ. ಮಿಕ್ಕ ದಿನ?’ ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ನನಗೆ ಅನಿಸುವುದು, ಆ ಓಟಕ್ಕಿಂತ ಫ್ರಾಂಟ್ಸ್ ಅವನನ್ನು ಪ್ರತಿದಿನ ತಾಲೀಮಿಗೆ ಬರಗೊಟ್ಟರಲ್ಲ, ಹೊಗಳಬೇಕಾದ್ದು ಅದನ್ನು. ಅದಕ್ಕೆ ಕ್ಯಾಮೆರಾ ಬರಲಿಲ್ಲ.

ಹಾಗಾದರೆ ಬಲಿಷ್ಠ ತಂಡ ದುರ್ಬಲರ ಎದುರು ಕೈ ಕಟ್ಟಿ ನಿಲ್ಲಬೇಕೇ? ಇದನ್ನು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಇದಕ್ಕೆ ಫೋರ್ಟ್‌ವರ್ತ್ ಪಕ್ಕದ ಅಲೀಡೊ ಊರಿನ ಕಥೆಯಿದೆ. 2013ರ ಅಕ್ಟೋಬರ್, ಅಲೀಡೊ ತಂಡ ವೆಸ್ಟರ್ನ್ ಹಿಲ್ಸ್ ಮೇಲೆ ಗೆದ್ದದ್ದು 91–0. ಹೌದು, ತೊಂಬತ್ತೊಂದು. ಮರುದಿನ ಸೋತ ತಂಡದ ಒಬ್ಬ ಹುಡುಗನ ತಂದೆ ಅಲೀಡೊ ಕೋಚ್ ಟಿಮ್ ಬುಕಾನನ್ ಮೇಲೆ ದೂರು ಕೊಟ್ಟರು. ಏನಂತ? ರ‍್ಯಾಗಿಂಗ್ ಥರದ ಕಿರುಕುಳ ಅಂತ! ರಾಜ್ಯದ ಕಾನೂನಿನ ಪ್ರಕಾರ ಶಾಲೆ ವಿಚಾರಣೆ ಮಾಡಲೇಬೇಕು. ವಿಚಾರಿಸಿದರೆ, ಬುಕಾನನ್ ಮುಖ್ಯ ಆಟಗಾರರನ್ನು ಬೇಗನೆ ಹೊರಗೆ ಕೂರಿಸಿದ್ದರು, ದ್ವಿತೀಯಾರ್ಧದಲ್ಲಿ ಗಡಿಯಾರ ನಿಲ್ಲದೆ ಓಡುವಂತೆ ಮಾಡಿಸಿದ್ದರು. ಆಮೇಲೂ ಅವರ ಮೂರನೆಯ ಸಾಲಿನ ಹುಡುಗರು ಅಂಕ ಹೊಡೆಯುತ್ತಲೇ ಇದ್ದರು. ವಾರವೆಲ್ಲ ಬೆವರು ಸುರಿಸಿ ಒಮ್ಮೆ ಆಡಲು ಸಿಕ್ಕವನಿಗೆ ಆಡಬೇಡ ಅನ್ನುವುದು ಹೇಗೆ ಅನ್ನುವುದು ಅವರ ಸಂಕಟ. ಸೋತ ತಂಡದ ಕೋಚೇ, ಅವರು ತಪ್ಪು ಮಾಡಿಲ್ಲ ಅಂದರು. ದೂರು ಬಿದ್ದುಹೋಯಿತು.

ನಾನು ಬುಕಾನನ್ ಪರ. ಮಗ ಎರಡನೆಯ ಸಾಲಿನವನು ಅಂತ ಇರಬಹುದು. ಬೇಕೆಂದೇ ಚೆಂಡು ಕೈಬಿಡುವುದು ಎದುರಿನವನಿಗೆ ಮಾಡುವ ಇನ್ನೊಂದು ಅವಮಾನ. ಸಣ್ಣ ಊರುಗಳಲ್ಲಿ ಆಡುವ ಆರು ಜನರ ಫುಟ್‌ಬಾಲ್‌ನಲ್ಲಿ ಈ ಗೊಂದಲವೇ ಇಲ್ಲ. ಹಾಫ್‌ಟೈಮ್ ಆದ ಮೇಲೆ ಅಂತರ 45 ಅಂಕ ಮುಟ್ಟಿತೋ, ಆಟ ಮುಗಿಯಿತು, ಮನೆಗೆ ನಡೀರಿ.

ನಮ್ಮವರದೊಂದು ನೆನಪು ಇಲ್ಲಿ ತಡೆಯಲಾರದೆ ಬರುತ್ತದೆ. 1980ರ ಫೆಬ್ರವರಿ, ಬೊಂಬಾಯಿಯ ಜುಬಿಲಿ ಟೆಸ್ಟ್. ನಾಯಕ ನಮ್ಮ ಭದ್ರಾವತಿಯ ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು. ಬ್ಯಾಟಿಗೆ ತಾಗಿಲ್ಲ ಅನ್ನಿಸಿ ವಿಶಿ ವಾಪಸು ಕರೆಸಿದರು. ಟೇಲರ್ ಮತ್ತು ಬಾತಮ್ ಸೇರಿ 171 ರನ್ನಿನ ಜೊತೆಯಾಟ ಕಟ್ಟಿದರು, ನಾವು ಹತ್ತು ವಿಕೆಟ್‌ನಿಂದ ಸೋತೆವು. ನಮ್ಮಪ್ಪ ರೇಡಿಯೋ ಮುಂದೆ ಕೂತು ‘ಎಂಥಾ ಕೆಲಸ ಮಾಡಿಬಿಟ್ಟ ಮಾರಾಯ’ ಅಂದದ್ದು ನೆನಪಿದೆ. ಅದರಲ್ಲಿ ಬೈಗುಳ ಎಷ್ಟು, ಮೆಚ್ಚುಗೆ ಎಷ್ಟು ಇವತ್ತಿಗೂ ಗೊತ್ತಾಗಿಲ್ಲ. ನೀವು ಹೇಳಬಹುದು, ಅದು ಆ ಕ್ಷಣದಲ್ಲಿ ಬಂದದ್ದಲ್ಲವೇ, ಬುಧವಾರ ಕಾರ್ಡಿನಲ್ಲಿ ಬರೆದದ್ದಲ್ಲವಲ್ಲ, ಅಂತ. ನಿಜ. ಎಲ್ಲರೂ ವಿಶಿಯಾಗಿ ಹುಟ್ಟುವುದಿಲ್ಲ. ಉಳಿದವರಿಗೆ ಕಾರ್ಡು ಬೇಕು.

ನನಗೆ ಕಾರ್ಡಿಲ್ಲದೆ ಅದನ್ನು ಕಲಿಸಿದವರು ನಮ್ಮೂರ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಅರಸೀಕೆರೆ ಕಡೆಯ ಸಣ್ಣ ಊರು. ತಾಲ್ಲೂಕು ಮಟ್ಟದ ಖೋ ಖೋ ಆಟಕ್ಕೆ ನಮ್ಮನ್ನು ಕೆಂಪು ಬಸ್ಸಿನಲ್ಲಿ ಕರೆದುಕೊಂಡು ಹೋಗುವಾಗ, ಸೀಟಿನ ಕಂಬಿ ಹಿಡಿದು ನಿಂತು ಒಂದೇ ಒಂದು ಸೂಚನೆ ಕೊಟ್ಟರು: ‘ಗೆದ್ದರೆ ನಲ್ಲಿ ಹತ್ತಿರ ಓಡಬೇಡಿ ಕಣ್ರೋ. ಸೋತವರು ಮೊದಲು ನೀರು ಕುಡೀಲಿ.’ ಆ ಮೈದಾನಕ್ಕೆ ಇದ್ದದ್ದು ಒಂದೇ ನಲ್ಲಿ. ನಾವು ಗೆದ್ದೆವು. ನಾಲಿಗೆ ಅಂಟಿಕೊಂಡು ನಿಂತಿದ್ದೆವು, ಅವರು ಕುಡಿದು ಮುಖ ತೊಳೆದು ಹೋಗುವತನಕ. ಬನ್ನು, ಬಾಳೆಹಣ್ಣು ಮೇಷ್ಟ್ರ ಜೇಬಿನಿಂದ. ಅವರು ನಿವೃತ್ತರಾದದ್ದು ಬೇಸಿಗೆ ರಜೆಯಲ್ಲಿ, ಹಾಗಾಗಿ ಸಮಾರಂಭವೂ ಆಗಲಿಲ್ಲ. ಲೆಕ್ಕದ ಮೇಷ್ಟ್ರಿಗೆ ಶಾಲು, ಹಾರ, ಫಲತಾಂಬೂಲ ಎಲ್ಲ ಆಗಿತ್ತು.

ಅಮೆರಿಕದಲ್ಲಿ ಕೋಚ್‌ಗೆ ಗೌರವವಿದೆ ಅಂತ ನಾನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಗೌರವದ ಇನ್ನೊಂದು ಮುಖವೂ ಇದೇ ರಾಜ್ಯದ್ದು. ಪಶ್ಚಿಮ ಟೆಕ್ಸಸ್‌ನ ಒಡೆಸ್ಸಾ, ಎಣ್ಣೆ ಬಾವಿಗಳ ಊರು. 1988ರಲ್ಲಿ ಅಲ್ಲಿನ ಪರ್ಮಿಯನ್ ಹೈಸ್ಕೂಲು ಪಕ್ಕದೂರಿನ ಮಿಡ್‌ಲ್ಯಾಂಡ್ ಲೀ ಎದುರು 22–21ರಲ್ಲಿ ಸೋತಿತು. ಒಂದು ಅಂಕ. ಕೋಚ್ ಗ್ಯಾರಿ ಗೇನ್ಸ್ ಮನೆಗೆ ಬಂದರೆ ಅಂಗಳದಲ್ಲಿ ‘ಮನೆ ಮಾರಾಟಕ್ಕಿದೆ’ ಅನ್ನುವ ಫಲಕಗಳನ್ನು ನೆಟ್ಟಿದ್ದರು. ಊರು ಬಿಟ್ಟು ತೊಲಗು ಅಂತ ಅರ್ಥ. ಮುಂದಿನ ವರ್ಷ ಅದೇ ಗೇನ್ಸ್ ಒಂದೂ ಆಟ ಸೋಲದೆ ರಾಜ್ಯದ ಕಪ್ಪು ತಂದರು. ಫಲಕ ನೆಟ್ಟವರೂ ಮೆರವಣಿಗೆಯಲ್ಲಿ ಇದ್ದಿರಲೇಬೇಕು, ಅದೇ ಊರಿನವರು ಅಲ್ಲವೇ. ಗೆದ್ದಾಗ ತಲೆಯ ಮೇಲೆ ಹೊರುವುದನ್ನು ನಾನು ಮೆಚ್ಚುಗೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬಡ್ಡಿ ವ್ಯವಹಾರ.

ಮೆಚ್ಚುಗೆ ಹೇಗಿರುತ್ತದೆ ಅಂತ ನೋಡಬೇಕಾದರೆ ಅಯೋವಾ ರಾಜ್ಯದ ಪಾರ್ಕರ್ಸ್‌ಬರ್ಗ್‌ಗೆ ಹೋಗಬೇಕು. ಜೋಳದ ಹೊಲಗಳ ನಡುವೆ ಸುಮಾರು ಎರಡು ಸಾವಿರ ಜನರ ಊರು. ಆಪ್ಲಿಂಗ್ಟನ್-ಪಾರ್ಕರ್ಸ್‌ಬರ್ಗ್ ಹೈಸ್ಕೂಲಿನ ಕೋಚ್ ಎಡ್ ಥಾಮಸ್. ಒಟ್ಟು 292 ಗೆಲುವು, 84 ಸೋಲು, 1993 ಮತ್ತು 2001ರಲ್ಲಿ ರಾಜ್ಯ ಪ್ರಶಸ್ತಿ. ಅಷ್ಟು ಸಣ್ಣ ಊರಿನಿಂದ ಅವರ ಕೈಯಲ್ಲಿ ಪಳಗಿದ ನಾಲ್ಕು ಹುಡುಗರು ಒಂದೇ ಕಾಲಕ್ಕೆ ವೃತ್ತಿಪರ ಲೀಗಿನಲ್ಲಿ ಆಡುತ್ತಿದ್ದರು. ಥಾಮಸ್‌ಗೆ ಹುಚ್ಚು ಹಿಡಿದಿದ್ದದ್ದು ಆ ಮೈದಾನದ ಹುಲ್ಲಿನ ಮೇಲೆ. ಕತ್ತರಿಸುವುದು, ನೀರು ಬಿಡುವುದು, ಗೆರೆ ಹಾಕುವುದು ತಾವೇ. ಊರಿನವರು ಅದನ್ನು ‘ಪವಿತ್ರ ಎಕರೆ’ ಅಂತ ಕರೆಯುತ್ತಿದ್ದರು, ಅರ್ಧ ತಮಾಷೆ, ಅರ್ಧ ಭಕ್ತಿ.

2008ರ ಮೇ 25, ಭಾನುವಾರ ಸಂಜೆ. ಸುಂಟರಗಾಳಿಗಳಲ್ಲೇ ಅತಿ ಭೀಕರ ದರ್ಜೆಯದು, ಇಎಫ್-5, ಊರಿನ ಅರ್ಧ ಭಾಗವನ್ನು ಕಿತ್ತು ಹಾಕಿತು. ಹೈಸ್ಕೂಲು ಹೋಯಿತು, ಥಾಮಸ್ ಮನೆಯೂ ಹೋಯಿತು. ಮೈದಾನದ ತುಂಬ ಗಾಜು, ಮೊಳೆ, ತಗಡು, ಯಾರದೋ ಮನೆಯ ಮರದ ಸೀಳು. ತಮ್ಮ ಮನೆ ನೆಲಸಮವಾಗಿದ್ದರೂ ಥಾಮಸ್ ಹೇಳಿದ್ದು, ಈ ವರ್ಷದ ನಮ್ಮೂರ ಮೊದಲ ಆಟ ಇದೇ ಮೈದಾನದಲ್ಲೇ ಆಗುತ್ತದೆ ಅಂತ. ಕೇಳಿದವರಿಗೆ ತಲೆಕೆಟ್ಟಿದೆ ಅನಿಸಿರಬೇಕು. ಆದರೆ ಜನ ಬಂದರು. ಸಾಲಾಗಿ ನಿಂತು, ಬಗ್ಗಿ, ಹುಲ್ಲಿನಿಂದ ಗಾಜಿನ ಚೂರು ಕೈಯಲ್ಲಿ ಆರಿಸಿದರು. ಕಲ್ಲು ಆರಿಸದ ಅಕ್ಕಿಯನ್ನು ಒಲೆಗೆ ಹಾಕದ ಅಮ್ಮಂದಿರನ್ನು ಕಂಡವರು ನೀವು, ಆ ಬಗ್ಗುವಿಕೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಇಲ್ಲಿ ಆರಿಸಬೇಕಾದ ಮೊರ ನೂರು ಗಜ ಉದ್ದ. ಹುಡುಗರು ಬಿದ್ದಾಗ ಒಂದು ಚೂರೂ ಚುಚ್ಚಬಾರದು. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ದೀಪ ಹತ್ತಿತು, ಆಟ ನಡೆಯಿತು.

ಒಬ್ಬ ಕೋಚ್‌ಗೆ ಊರು ಕೊಡಬಹುದಾದ ದೊಡ್ಡ ಸನ್ಮಾನ ನನ್ನ ಮಟ್ಟಿಗೆ ಅದು. ಶಾಲು, ಫಲಕ ಯಾವುದೂ ಅಲ್ಲ, ಅವರ ಜೊತೆ ಬಗ್ಗಿ ಗಾಜು ಆರಿಸಿದ್ದು.

ಮುಂದಿನದನ್ನು ಹೇಳಲೋ ಬೇಡವೋ ಅಂತ ಯೋಚಿಸಿದೆ, ಮಕ್ಕಳೂ ಇದ್ದಾರೆ. ಆದರೂ ಬಿಟ್ಟರೆ ಅರ್ಧ ಸತ್ಯ ಆಗುತ್ತದೆ. 2009ರ ಜೂನ್ 24ರ ಬೆಳಿಗ್ಗೆ ಹುಡುಗರಿಗೆ ವ್ಯಾಯಾಮ ಮಾಡಿಸುತ್ತಿದ್ದಾಗ, ತೀವ್ರ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಥಾಮಸ್‌ಗೆ ಗುಂಡು ಹೊಡೆದ. ಆ ಹುಡುಗನೂ ಅದೇ ತಂಡದಲ್ಲಿ ಆಡಿದವನು, ಅವನ ಅಪ್ಪ ಅಮ್ಮ ಥಾಮಸ್ ಕುಟುಂಬ ಹೋಗುವ ಚರ್ಚಿಗೇ ಹೋಗುವವರು. ಥಾಮಸ್‌ಗೆ 58 ವರ್ಷ. ಅವರ ಮಗ ಮಾಧ್ಯಮದ ಎದುರು ನಿಂತು ಊರಿನವರಲ್ಲಿ ಕೇಳಿಕೊಂಡದ್ದು, ಗುಂಡು ಹೊಡೆದವನ ಅಪ್ಪ ಅಮ್ಮನಿಗೂ ಪ್ರಾರ್ಥಿಸಿ, ಅವರೂ ಮಗನನ್ನು ಕಳೆದುಕೊಂಡಂತೆಯೇ ಆಗಿದೆ, ಅಂತ. 2010ರಲ್ಲಿ ಆ ಕುಟುಂಬಕ್ಕೆ ಟೆನಿಸ್ ಆಟಗಾರ ಆರ್ಥರ್ ಆಶ್ ಹೆಸರಿನ ಧೈರ್ಯ ಪ್ರಶಸ್ತಿ ಕೊಟ್ಟರು.

ಇದನ್ನು ಮೊದಲ ಸಲ ಓದಿದಾಗ ನಾನು ಯೋಚಿಸಿದ್ದು ಆ ಮಗನ ಬಗ್ಗೆ. ಅಪ್ಪ ಸತ್ತು ಇನ್ನೂ ಮಣ್ಣಾಗಿಲ್ಲ, ಅಂಥ ಹೊತ್ತಿನಲ್ಲಿ ಎದುರು ಪಾಳಯದವರ ಬಗ್ಗೆ ಯೋಚಿಸಲು ಮನಸ್ಸು ಹೇಗೆ ಬಂತು? ಆತನೂ ಆ ಮೈದಾನದಲ್ಲಿ ಅಪ್ಪನ ಕೈಕೆಳಗೇ ಆಡಿ ಬೆಳೆದವನು. ಪ್ರತಿ ಆಟದ ಕೊನೆಗೆ, ಗೆಲ್ಲಲಿ ಸೋಲಲಿ, ಸಾಲಾಗಿ ನಡೆದು ಎದುರಿನ ಒಬ್ಬೊಬ್ಬನ ಕೈಗೂ ಕೈ ತಟ್ಟಿ ‘ಗುಡ್ ಗೇಮ್’ ಅನ್ನಬೇಕು. ನಮ್ಮ ಮಕ್ಕಳು ಗೊಣಗಿಕೊಂಡು, ಮುಖ ನೋಡದೆ ಯಾಂತ್ರಿಕವಾಗಿ ಮಾಡುತ್ತಾರಲ್ಲ, ಅದೇ. ನಾನು ಅದನ್ನು ಬರೀ ಶಾಸ್ತ್ರ ಅಂದುಕೊಂಡಿದ್ದೆ.

ಸಮಯವಾಯಿತು ಅಂತ ಕೈ ತೋರಿಸುತ್ತಿದ್ದಾರೆ. ಇಂಥ ಕೋಚ್‌ಗಾಗಿ ನಮ್ಮಿಂದ ಏನು ಮಾಡಲಾಗುತ್ತದೆ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಸನ್ಮಾನ ಸಮಾರಂಭ ಇಡೋಣ ಅಂತ ಮೊದಲೇ ಹೇಳಬೇಡಿ, ನಾವು ಕನ್ನಡಿಗರು ಎರಡು ಗಂಟೆ ಸ್ವಾಗತ ಭಾಷಣ ಮಾಡಿ ಆ ಮನುಷ್ಯನನ್ನು ಸುಸ್ತು ಮಾಡುತ್ತೇವೆ. ತಂಡಕ್ಕೆ ನೆರವಾಗುವ ಅಪ್ಪ ಅಮ್ಮಂದಿರ ಕೂಟ ಇದೆಯಲ್ಲ, ಬೂಸ್ಟರ್ ಕ್ಲಬ್ಬು, ಅದಕ್ಕೆ ಯಾವಾಗಲೂ ಕೈ ಸಾಲದು. ಸ್ಟೇಡಿಯಂನ ತಿಂಡಿ ಅಂಗಡಿಯಲ್ಲಿ ನಾಚೋಸ್ ಮೇಲೆ ಚೀಸ್ ಸುರಿಯುವವರು ಬೇಕು, ಗಜ ಅಳೆಯುವ ಸರಪಳಿ ಹಿಡಿಯುವವರು ಬೇಕು, ರಾತ್ರಿ ಹನ್ನೊಂದಕ್ಕೆ ಪಾರ್ಕಿಂಗ್‌ನಲ್ಲಿ ಕಸ ಎತ್ತುವವರು ಬೇಕು. ಮನೆಯವರು ಬರುವುದು ತಡವಾದ ಕೊನೆಯ ಹುಡುಗನ ಜೊತೆ ಕೋಚ್ ಒಬ್ಬರೇ ನಿಂತಿರುತ್ತಾರೆ, ಅವರ ಜೊತೆ ಅರ್ಧ ಗಂಟೆ ನಿಂತು ಮಾತಾಡುವವರೂ ಬೇಕು. ಸೋತ ಶುಕ್ರವಾರದ ಮರುದಿನ ಅಂಗಡಿಯಲ್ಲಿ ಸಿಕ್ಕರೆ ಗಾಡಿ ತಿರುಗಿಸಿಕೊಂಡು ಬೇರೆ ಸಾಲಿಗೆ ಹೋಗಬೇಡಿ, ಸಾಕು.

ನಾನೇನು ಮಾಡಿದೆ ಅಂತ ಕೇಳಿದರೆ, ಸೀಸನ್ ಮುಗಿದ ಸೋಮವಾರ ಅದೇ ಲಾಂಡ್ರಿ ಕೋಣೆಗೆ ಹೋದೆ. ಹೆಂಡತಿ ಕೊಟ್ಟ ಕೋಡುಬಳೆ ಡಬ್ಬಿ ಕೈಯಲ್ಲಿತ್ತು. ಖಾರ ಇದೆ ಅಂತ ಎಚ್ಚರಿಸಿದೆ. ಅವರು ಒಂದು ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ತೆಗೆದುಕೊಂಡರು. ಡ್ರೈಯರ್‌ನಿಂದ ಆ ವರ್ಷದ ಕೊನೆಯ ಗುಡ್ಡೆ ಆಗಷ್ಟೇ ಹೊರಬಂದಿತ್ತು, ಬಿಸಿಬಿಸಿ. ಇಬ್ಬರೂ ಕೂತು ಮಡಿಸಿದೆವು. 67ನೇ ನಂಬರಿನದು ಕೈಗೆ ಬಂದಾಗ ಅವರು ಅದನ್ನು ನನ್ನ ಕಡೆ ತಳ್ಳಿ, ‘ಇದನ್ನು ನೀವೇ ಮಡಿಸಿ, ಸರ್. ಕುತ್ತಿಗೆ ಈಗ ಎತ್ತುತ್ತಿದ್ದಾನೆ’ ಅಂದರು.